ಪುಷ್ಪಮ್ಮನ ದೊಡ್ಡ ಮೊಟ್ಟೆಗಳು

ಭದ್ರಾವತಿಯ ಜನ್ನಾಪುರದಲ್ಲಿ ಯಾರ ಮನೆಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸುವುದಿದ್ದರೂ ಮೊದಲು ಪುಷ್ಪಮ್ಮನಿಗೆ ಹೇಳಿ ಕಳುಹಿಸುತ್ತಿದ್ದರು. ಅವಳು ಬಂದು ಬುಟ್ಟಿಯ ಹುಲ್ಲಿನ ಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತಿದ್ದಳು. ಗುಡುಗಿಗೆ ಕೆಡದಿರಲೆಂದು ಬುಟ್ಟಿಯ ಅಂಚಿನಲ್ಲಿ ಒಂದು ಇದ್ದಿಲ ಚೂರನ್ನೂ ಒಂದು ಕಬ್ಬಿಣದ ಮೊಳೆಯನ್ನೂ ಸಿಕ್ಕಿಸುತ್ತಿದ್ದಳು. ಅಷ್ಟಾದರೆ ಆ ಮನೆಯವರಿಗೆ ಸಮಾಧಾನ. ಅವಳ ಮನೆಯ ಹಿತ್ತಲಿನಲ್ಲಿ ಏಳುವಂತೆ ಹತ್ತು ಮೊಟ್ಟೆಗೆ ಒಂಬತ್ತು ಮರಿ ಏಳುವುದು ಖಂಡಿತವೆಂದು ಎಲ್ಲರೂ ನಂಬಿದ್ದರು. “ಪುಷ್ಪಕ್ಕನ ಕೈಗುಣ” ಎಂಬ ಮಾತು ಆ ಬೀದಿಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತಿತ್ತು. ಆ ಮಾತನ್ನು ಕೇಳಿದಾಗ ಪುಷ್ಪಮ್ಮ “ಅಯ್ಯೋ, ನಂದೇನಿದೆ ಬಿಡಿ” ಎನ್ನುತ್ತಿದ್ದಳು. ಹಾಗೆಂದು ಯಾರಾದರೂ ಅದನ್ನು ಬಿಟ್ಟುಬಿಡುವುದು ಅವಳಿಗೆ ಇಷ್ಟವಿರಲಿಲ್ಲ.

ಪುಷ್ಪ ನನ್ನ ವಿದ್ಯಾರ್ಥಿನಿ. ಏಳನೆಯ ತರಗತಿಯಲ್ಲಿ ನಾನು ಅವಳಿಗೆ ವಿಜ್ಞಾನವನ್ನೂ ಭೂಗೋಳವನ್ನೂ ಕಲಿಸಿದ್ದೆ. ಚುರುಕಾದ ಹುಡುಗಿ, ಅಕ್ಷರ ಮುತ್ತಿನಂತಿತ್ತು. ಆದರೆ ಇನ್ನೊಬ್ಬರ ಹೊಗಳಿಕೆ ಕಿವಿಗೆ ಬಿದ್ದರೆ ಅವಳಿಗೆ ತಡೆಯುತ್ತಿರಲಿಲ್ಲ. ಒಮ್ಮೆ ಪಕ್ಕದ ಬೆಂಚಿನ ಹುಡುಗಿ ಬರೆದ ನಕ್ಷೆಯನ್ನು ನಾನು ತರಗತಿಗೆಲ್ಲ ಎತ್ತಿ ತೋರಿಸಿದೆ. ಪುಷ್ಪ ತಲೆ ತಗ್ಗಿಸಿಕೊಂಡು ತನ್ನ ನಕ್ಷೆಯಲ್ಲಿ ತುಂಗಾ ನದಿಯನ್ನು ಅಳಿಸಿ ಬರೆದು, ಮತ್ತೆ ಅಳಿಸಿ, ಕೊನೆಗೆ ಹಾಳೆಯನ್ನೇ ತೂತು ಮಾಡಿದ್ದಳು. ಆಗ ನಾನು ನಕ್ಕುಬಿಟ್ಟೆ. ನಗಬಾರದಿತ್ತೆಂದು ಈಗ ಅನಿಸುತ್ತದೆ.

ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕರಿಯಪ್ಪನಿಗೆ ಅವಳನ್ನು ಕೊಟ್ಟರು. ಅತ್ತೆ ಹಾಲಮ್ಮನವರು ಹಿಂದೆ ಒಬ್ಬ ಅಧಿಕಾರಿಯ ಬಂಗಲೆಯಲ್ಲಿ ಮನೆಗೆಲಸ ಮಾಡಿದ್ದವರು. ಆ ಅಧಿಕಾರಿ ವರ್ಗವಾಗಿ ಹೋಗುವಾಗ ಲಾರಿಯಲ್ಲಿ ಜಾಗವಿಲ್ಲವೆಂದು ತಾವು ಸಾಕಿದ್ದ ಮೂರು ಟರ್ಕಿ ಕೋಳಿಗಳನ್ನು ಹಾಲಮ್ಮನವರ ಕೈಗೆ ಕೊಟ್ಟು ಹೋದರಂತೆ. ನೀಲಿ ತಲೆ, ಕೊರಳಿಂದ ಇಳಿಬಿದ್ದ ಕೆಂಪು ಜೋಲು, ಬೀಸಣಿಗೆಯಂತೆ ಬಿಚ್ಚುವ ಬಾಲ. ಅವನ್ನು ನೋಡಲು ಜನ ಬೇಲಿಯ ಹೊರಗೆ ನಿಲ್ಲುತ್ತಿದ್ದರು. ಆ ಮೂರು ಕೋಳಿಗಳ ಸಂತತಿ ಹಾಲಮ್ಮನವರ ಹಿತ್ತಲಿನಲ್ಲಿ ಮೂವತ್ತು ವರ್ಷ ಕಳೆದರೂ ಅಳಿಯಲಿಲ್ಲ. ಹೊಸ ಹುಂಜವನ್ನು ಆಗಾಗ ಹೊರಗಿನಿಂದ ತಂದು ಬಿಡುತ್ತಿದ್ದರು. ಹೇಂಟೆಗಳು ಮಾತ್ರ ಮನೆಯವೇ.

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಕಿರಿಯ ಮಗ ವಸಂತ್ ಶಿವಮೊಗ್ಗದ ಆಲ್ಕೊಳದ ಆಚೆ ಮನೆ ಕಟ್ಟಿಸಿ ಹೆಂಡತಿ ಭವಾನಿಯೊಡನೆ ಬೇರೆ ಹೊರಟ. ಪಾತ್ರೆ ಪಡಗಗಳ ಜೊತೆಗೆ ಟರ್ಕಿಗಳನ್ನೂ ಹಂಚಬೇಕಾಯಿತು. ಹಾಲಮ್ಮನವರು ಜಗಲಿಯ ಮೇಲೆ ಕುಳಿತು, “ಹಿರೇಸೊಸೆ ಮೊದ್ಲು ಆರಿಸ್ಕೊಳ್ಳಲಿ” ಎಂದರು. ಹದಿನೆಂಟು ಹೇಂಟೆಗಳಿದ್ದವು. ಒಂಬತ್ತು ತುಂಬಿದ ಮೈಯವು, ಮೊಟ್ಟೆಯಿಡುತ್ತಿದ್ದವು. ಉಳಿದ ಒಂಬತ್ತು ಇನ್ನೂ ಒಂದೂ ಮೊಟ್ಟೆಯಿಟ್ಟಿರದ ಎಳೆಯವು. ಪುಷ್ಪಮ್ಮ ಎರಡನೆಯ ಯೋಚನೆಯನ್ನೇ ಮಾಡದೆ ದೊಡ್ಡ ಒಂಬತ್ತರ ಕಾಲಿಗೆ ಕೆಂಪು ದಾರ ಕಟ್ಟಿದಳು. ಎಳೆಯವನ್ನು ಭವಾನಿ ಗೂಡೆಯಲ್ಲಿ ತುಂಬಿಸಿಕೊಂಡು ಹೋದಳು. ಅಣ್ಣತಮ್ಮಂದಿರಂತಿದ್ದ ಎರಡು ಹುಂಜಗಳು ಮನೆಗೊಂದರಂತೆ ಹೋದವು.

ಮೊದಲ ವರ್ಷ ಪುಷ್ಪಮ್ಮನಿಗೆ ಸುಗ್ಗಿ. ಅವಳ ಮೊಟ್ಟೆಗಳು ಕೈತುಂಬ ಬರುತ್ತಿದ್ದವು, ಮರಿಗಳೂ ಗಟ್ಟಿಯಾಗಿ ಏಳುತ್ತಿದ್ದವು. ಭವಾನಿಯ ಹೇಂಟೆಗಳು ಆಗತಾನೆ ಮೊಟ್ಟೆಗೆ ಬಂದಿದ್ದವು. ನಾಟಿ ಕೋಳಿಯದಕ್ಕಿಂತ ಸ್ವಲ್ಪವೇ ದೊಡ್ಡದೆನ್ನಬಹುದಾದ ಸಣ್ಣ ಸಣ್ಣ ಮೊಟ್ಟೆ. ಅರ್ಧಕ್ಕರ್ಧ ಏಳಲಿಲ್ಲ. ಎದ್ದ ಮರಿಗಳೂ ಎಂಟು ದಿನದೊಳಗೆ ಕುತ್ತಿಗೆ ವಾಲಿಸಿದವು. ಭವಾನಿ ಫೋನಿನಲ್ಲಿ ಅತ್ತಳಂತೆ. ಪುಷ್ಪಮ್ಮ ಅದನ್ನು ನಮ್ಮ ಮನೆಯ ಗೇಟಿನ ಬಳಿ ನಿಂತು ಹೇಳಿದಳು.

“ಪಾಪ ಮೇಷ್ಟ್ರೇ, ಅವಳಿಗೆ ಕೈ ಬರಲ್ಲ. ಹೇಳ್ಕೊಟ್ರೆ ಬರೋದಲ್ಲ ಅದು.”

ಪಾಪ ಎಂಬ ಮಾತನ್ನು ಅಷ್ಟು ಹಿಗ್ಗಿನಿಂದ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಎರಡನೆಯ ವರ್ಷ ಎಲ್ಲವೂ ತಿರುಗುಮುರುಗಾಯಿತು. ಪುಷ್ಪಮ್ಮನ ಮೊಟ್ಟೆಗಳು ಇನ್ನೂ ದೊಡ್ಡದಾದವು. ಅವಳು ಅದನ್ನು ಕಂಡು ಸಂತೋಷಪಟ್ಟು, ದೊಡ್ಡದರಲ್ಲೇ ದೊಡ್ಡದನ್ನು ಆರಿಸಿ ಕಾವಿಗಿಟ್ಟಳು. ಇಪ್ಪತ್ತೆಂಟು ದಿನ ಕಾದು ನೋಡಿದರೆ ಹತ್ತಕ್ಕೆ ನಾಲ್ಕು ಮರಿ. ಉಳಿದವು ಚಿಪ್ಪಿನೊಳಗೇ ಸತ್ತಿದ್ದವು. ಅದೇ ಹೊತ್ತಿಗೆ ಆಲ್ಕೊಳದಲ್ಲಿ ಹತ್ತಕ್ಕೆ ಎಂಟು, ಒಂಬತ್ತು. ಭವಾನಿ ಪ್ರತಿದಿನ ಬೆಳಿಗ್ಗೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮರಿಗಳ ಚಿತ್ರ ಹಾಕುತ್ತಿದ್ದಳು. ಪುಷ್ಪಮ್ಮ ಕಾಫಿಗೆ ನೀರಿಡುವ ಮೊದಲೇ ಅದನ್ನು ನೋಡುತ್ತಿದ್ದಳು. ನೋಡಿ, ಫೋನನ್ನು ಕವುಚಿಟ್ಟು, ಹಾಲು ಉಕ್ಕುವುದರೊಳಗೆ ಮತ್ತೆ ಎತ್ತಿ, ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಒಂದೊಂದೇ ಮರಿಯನ್ನು ಎಣಿಸುತ್ತಿದ್ದಳು.

“ಅದೇ ಮರೀನ ಎರಡು ಸಲ ತೆಗ್ದು ಹಾಕ್ತಾಳೆ ಕಣ್ರೀ” ಎಂದು ಗಂಡನ ಮುಂದೆ ದೂರಿದಳು.

“ಹಾಕ್ಲಿ ಬಿಡೇ. ನಿಂಗೇನು ಅವಳ ಮರಿ ಲೆಕ್ಕ?” ಎಂದ ಕರಿಯಪ್ಪ.

“ನಂಗೇನಿಲ್ಲ. ಸುಳ್ಳು ಹೇಳ್ಬಾರ್ದು ಅಂದೆ, ಅಷ್ಟೇ.”

ದೃಷ್ಟಿಯಾಗಿದೆಯೆಂದು ಹೇಂಟೆಗಳಿಗೆ ಉಪ್ಪು ಮೆಣಸಿನಕಾಯಿ ನೀವಾಳಿಸಿದಳು. ಒಂಬತ್ತೂ ಸಾಲಾಗಿ ನಿಂತು ಸೀನಿದವಂತೆ. ಹಾಲಮ್ಮನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಗುವ ಹಂತವನ್ನು ಅದು ಆಗಲೇ ದಾಟಿತ್ತು. ಬೀದಿಯವರು ಮೊಟ್ಟೆ ಕೂರಿಸಲು ಪುಷ್ಪಮ್ಮನನ್ನು ಕರೆಯುವುದನ್ನು ಒಬ್ಬೊಬ್ಬರಾಗಿ ಬಿಟ್ಟರು. ಬಾಯಲ್ಲಿ ಯಾರೂ ಏನೂ ಹೇಳಲಿಲ್ಲ. ಎದುರುಮನೆಯವರು ಮೊಟ್ಟೆಗಳನ್ನು ತಾವೇ ಇಟ್ಟುಕೊಂಡು, “ನಿಮಗ್ಯಾಕೆ ತೊಂದ್ರೆ ಅಂತ ಪುಷ್ಪಕ್ಕ” ಎಂದರು. ಆ ದಿನ ಅವಳು ಊಟ ಮಾಡಲಿಲ್ಲ.

ಅಷ್ಟರಲ್ಲಿ ಜನ್ನಾಪುರದ ಮಹಿಳಾ ಸಂಘದ ಇಪ್ಪತ್ತು ಮನೆಗಳವರು ಟರ್ಕಿ ಸಾಕಬೇಕೆಂದು ತೀರ್ಮಾನಿಸಿದರು. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದ ಸೀತಾ ಸಂಘದ ಅಧ್ಯಕ್ಷೆ. ಮರಿಗಳನ್ನು ಎಲ್ಲಿಂದ ತರುವುದು ಎಂಬ ಮಾತು ಬಂದಾಗ ಯಾರೋ ಮೆಲ್ಲಗೆ, “ಶಿವಮೊಗ್ಗದ ಭವಾನಿ ಹತ್ರ ಚೆನ್ನಾಗಿ ಏಳ್ತಿವೆಯಂತೆ” ಎಂದರು. ಪುಷ್ಪಮ್ಮ ಅಲ್ಲೇ ಕುಳಿತಿದ್ದಳು. ತನ್ನ ಬೀದಿಗೆ, ತನ್ನ ಮನೆಯ ಮುಂದಿನಿಂದಲೇ, ವಾರಗಿತ್ತಿಯ ಮರಿಗಳು ಬರುವುದೆಂದರೆ ತನ್ನ ಹೆಸರು ಅಂದಿಗೆ ಮುಗಿಯಿತೆಂದೇ ಅವಳಿಗೆ ಅನಿಸಿತು.

“ನಮ್ಮನೆ ಬೇರಿನಿಂದ್ಲೇ ಹೋಗಿದ್ದು ಅವು. ಇಲ್ಲಿ ಆ ಬೇರೇ ಇದ್ದಾಗ ಅಲ್ಲಿ ಹೋಗಿ ಟೊಂಗೆ ತರ್ತೀರಾ?” ಎಂದಳು.

ಸೀತಾ ಯಾರ ಮನಸ್ಸನ್ನೂ ನೋಯಿಸದ ಹೆಂಗಸು. ಅವಳೇ ಒಂದು ಉಪಾಯ ಹೇಳಿದಳು. ಸವಳಂಗ ರಸ್ತೆಯ ಜ್ಞಾನೇಶನ ಕಾವುಪೆಟ್ಟಿಗೆಯಲ್ಲಿ ಇಬ್ಬರೂ ಒಂದೇ ದಿನ ಅರವತ್ತರಂತೆ ಮೊಟ್ಟೆಯಿಡುವುದು. ಯಾರವು ಹೆಚ್ಚು ಏಳುತ್ತವೆಯೋ ಅವರ ಮರಿಗಳು ಸಂಘಕ್ಕೆ. ಎಣಿಸುವುದಕ್ಕೆ ನಾನು ಬರಬೇಕೆಂದು ಇಬ್ಬರೂ ಕೇಳಿಕೊಂಡರು. ಒಪ್ಪಿದೆ.

ಜ್ಞಾನೇಶ ಟ್ರ್ಯಾಕ್ಟರ್ ಬಿಡಿಭಾಗಗಳ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಳೆಯ ದೊಡ್ಡ ಫ್ರಿಜ್ಜಿನ ಕವಚದಿಂದ ತಾನೇ ಆ ಯಂತ್ರವನ್ನು ಮಾಡಿಕೊಂಡಿದ್ದ. ಅಡಿಯಲ್ಲಿ ಬಿಸಿಗೆ ಬಲ್ಬುಗಳು, ಪಕ್ಕದಲ್ಲಿ ಫ್ಯಾನು, ಮೇಲೆ ಎರಡು ಅಂತಸ್ತು. ಮೊಟ್ಟೆಯ ಚೂಪು ತುದಿಯಲ್ಲಿ ಬಣ್ಣದ ಪೆನ್ಸಿಲ್ಲಿನ ಗುರುತು ಹಾಕಿ, ಆ ತುದಿಯನ್ನು ಕೆಳಗೆ ಮಾಡಿ ಟ್ರೇಯ ಗುಳಿಗಳಲ್ಲಿ ನಿಲ್ಲಿಸುತ್ತಿದ್ದ. ಪುಷ್ಪಮ್ಮನದಕ್ಕೆ ಕೆಂಪು, ಭವಾನಿಯದಕ್ಕೆ ನೀಲಿ. ಪುಷ್ಪಮ್ಮನ ಮೊಟ್ಟೆಗಳು ಗುಳಿಯಲ್ಲಿ ಬಿಗಿಯಾಗಿ ಕುಳಿತವು. “ಏನಕ್ಕ ಇದು, ತೆಂಗಿನಕಾಯಿ ತಂದಿದ್ದೀರಾ?” ಎಂದು ಅವನು ನಗೆಯಾಡಿದ. ಪುಷ್ಪಮ್ಮ ಭವಾನಿಯ ಕಡೆ ನೋಡಿ ಮುಗುಳ್ನಕ್ಕಳು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಜ್ಞಾನೇಶ ಭವಾನಿಯ ಟ್ರೇಯನ್ನು ಮೇಲಿನ ಅಂತಸ್ತಿನಲ್ಲಿಯೂ ಪುಷ್ಪಮ್ಮನದನ್ನು ಕೆಳಗೂ ಇಟ್ಟ. ಮೊದಲು ಬಂದವಳು ಭವಾನಿ, ಆದ್ದರಿಂದ ಹಾಗೆ. ಆದರೆ ಜ್ಞಾನೇಶನ ಊರೂ ಭವಾನಿಯ ತವರೂರೂ ಒಂದೇ. ಅವಳನ್ನು ಅವನು “ತಂಗಿ” ಎಂದು ಕರೆಯುತ್ತಿದ್ದ. ಪುಷ್ಪಮ್ಮನಿಗೆ ಅಷ್ಟು ಸಾಕಾಯಿತು. ಭದ್ರಾವತಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದನ್ನೇ ಹೇಳಿದಳು.

“ಬಲ್ಬಿನ ಬಾಯಿಗೆ ಇಟ್ಟಿದ್ದಾನೆ ಮೇಷ್ಟ್ರೇ ನನ್ನದನ್ನ. ಅವಳದ್ದು ಮಾಳಿಗೆ ಮೇಲೆ, ತಂಪಾಗಿ. ತಂಗಿಯಂತೆ ತಂಗಿ!”

“ಒಂದೇ ಪೆಟ್ಟಿಗೆ ಅಲ್ವೇನಮ್ಮ? ಫ್ಯಾನು ಬಿಸಿಯನ್ನು ಎಲ್ಲ ಕಡೆಗೂ ಒಯ್ಯುತ್ತೆ” ಎಂದೆ.

“ನಿಮಗೆ ಎಲ್ರೂ ಒಳ್ಳೆಯವರೇ” ಎಂದು ಕಿಟಕಿಯ ಕಡೆ ತಿರುಗಿದಳು.

ಎಂಟನೆಯ ದಿನ ಜ್ಞಾನೇಶ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡಿದ. ಒಳಗೆ ಜೀವ ಹಿಡಿಯದವುಗಳನ್ನು ತೆಗೆದ. ಪುಷ್ಪಮ್ಮನವು ಐದು, ಭವಾನಿಯವು ಆರು. ಇಬ್ಬರದೂ ಸರಿಸಮ. ಮರುದಿನ ಪುಷ್ಪಮ್ಮ ಕೋಟೆಯ ದೇವಸ್ಥಾನಕ್ಕೆಂದು ಶಿವಮೊಗ್ಗಕ್ಕೆ ಹೋದವಳು ಮಧ್ಯಾಹ್ನ ಸವಳಂಗ ರಸ್ತೆಯಲ್ಲಿ ಇಳಿದಳು. ಜ್ಞಾನೇಶ ಊಟಕ್ಕೆ ಹೊರಟಿದ್ದ.

“ಬಂದ್ರಾ ಅಕ್ಕ? ಒಂದರ್ಧ ಗಂಟೆ ನೋಡ್ಕೊಳ್ತೀರಾ? ಕರೆಂಟು ಹೋದ್ರೆ ಫೋನ್ ಮಾಡಿ.”

“ನಿಧಾನಕ್ಕೆ ಊಟ ಮಾಡ್ಕೊಂಡು ಬಾರಪ್ಪ. ಅವಸರ ಪಡಬೇಡ” ಎಂದಳು ಪುಷ್ಪಮ್ಮ.

ಅವನ ಸ್ಕೂಟರಿನ ಸದ್ದು ಮರೆಯಾಯಿತು. ಅವಳು ಪೆಟ್ಟಿಗೆಯ ಬಾಗಿಲು ತೆರೆದು, ಮೇಲಿನ ಟ್ರೇಯನ್ನು ಮೇಜಿನ ಮೇಲಿಟ್ಟು, ತನ್ನದನ್ನು ಮೇಲೇರಿಸಿದಳು. ಭವಾನಿಯದನ್ನು ಕೆಳಗೆ ತಳ್ಳಿದಳು. ಗುರುತೆಲ್ಲ ಚೂಪು ತುದಿಯಲ್ಲಿ, ಗುಳಿಯೊಳಗೆ ಅಡಗಿತ್ತು. ಮೇಲಿನಿಂದ ನೋಡಿದವರಿಗೆ ಎರಡೂ ಒಂದೇ. ಗಾತ್ರ ಬೇರೆಯೆಂಬುದನ್ನು ಜ್ಞಾನೇಶ ಗಮನಿಸಿಯಾನೆಂಬ ಭಯವಿತ್ತು. ಆದರೆ ಅವನು ಬಾಗಿಲನ್ನು ಪೂರ್ತಿ ತೆರೆಯದೆ, ಹೊರಗಿನ ಹಿಡಿಕೆಯಿಂದಲೇ ಟ್ರೇಗಳನ್ನು ದಿನಕ್ಕೆ ನಾಲ್ಕು ಸಲ ಓರೆ ಮಾಡುತ್ತಿದ್ದ. ಹದಿನೈದು ದಿನ ಹಾಗೆಯೇ ಕಳೆಯಿತು.

ಇಪ್ಪತ್ತೈದನೆಯ ದಿನ ಮೊಟ್ಟೆಗಳನ್ನು ಎತ್ತಿ, ಮರಿ ಏಳುವ ಬೇರೆ ಟ್ರೇಗೆ ಹಾಕುವ ಪದ್ಧತಿ. ಆಗ ಗುರುತು ಕಾಣುತ್ತದೆಂದು ಪುಷ್ಪಮ್ಮನಿಗೆ ಗೊತ್ತಿತ್ತು. ಇಪ್ಪತ್ತನಾಲ್ಕನೆಯ ದಿನ ಮತ್ತೆ ಮಧ್ಯಾಹ್ನದ ಹೊತ್ತಿಗೆ ಹೋಗಿ, ಜ್ಞಾನೇಶನನ್ನು ಊಟಕ್ಕೆ ಕಳುಹಿಸಿ, ಟ್ರೇಗಳನ್ನು ಮೊದಲಿನಂತೆಯೇ ಇಟ್ಟು ಬಂದಳು. ಆ ಮೂರು ನಾಲ್ಕು ದಿನ ಅವಳು ಬೀದಿಯಲ್ಲಿ ಎಲ್ಲರನ್ನೂ ತಾನಾಗಿಯೇ ಮಾತನಾಡಿಸಿದಳು. ಎದುರುಮನೆಯವರಿಗೆ ಹೋಳಿಗೆ ಕೊಟ್ಟಳು. ಭವಾನಿಯ ಸ್ಟೇಟಸ್ಸಿಗೆ ಮೊದಲ ಬಾರಿ ಒಂದು ಹೂವಿನ ಚಿತ್ರವನ್ನು ಕಳುಹಿಸಿದಳು.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಹತ್ತಕ್ಕೆ ನಾವೆಲ್ಲ ಜ್ಞಾನೇಶನ ಕೋಣೆಯಲ್ಲಿ ಸೇರಿದೆವು. ಪುಷ್ಪಮ್ಮ, ಭವಾನಿ, ಸೀತಾ, ನಾನು. ಪಶುವೈದ್ಯೆ ವೀಣಾ ಅವರನ್ನೂ ಜ್ಞಾನೇಶ ಕರೆಸಿದ್ದ. ನಾನು ಎಣಿಸಿದೆ. ನೀಲಿ ಗುರುತಿನ ಐವತ್ತನಾಲ್ಕರಲ್ಲಿ ನಲವತ್ತಾರು ಮರಿ. ಕೆಂಪು ಗುರುತಿನ ಐವತ್ತೈದರಲ್ಲಿ ಇಪ್ಪತ್ತೆರಡು.

ಪುಷ್ಪಮ್ಮ ನನ್ನ ಬಾಯನ್ನೇ ನೋಡಿದಳು. “ಇನ್ನೊಂದ್ಸಲ ಎಣಿಸಿ ಮೇಷ್ಟ್ರೇ” ಎಂದಳು. ಎಣಿಸಿದೆ. ಸಂಖ್ಯೆ ಬದಲಾಗಲಿಲ್ಲ. ತಪ್ಪಿ ಬೇರೆ ಹೇಳಿಬಿಡೋಣವೇ ಎಂದು ಒಂದು ಕ್ಷಣ ನನಗೂ ಅನಿಸಿದ್ದನ್ನು ಇಲ್ಲಿ ಬರೆಯಬೇಕು.

ಏಳದೆ ಉಳಿದ ಮೊಟ್ಟೆಗಳನ್ನು ವೀಣಾ ಪತ್ರಿಕೆಯ ಹಾಳೆಯ ಮೇಲೆ ಸಾಲಾಗಿ ಒಡೆದು ನೋಡಿದರು. ಒಂದೆರಡು ಮೊದಲ ವಾರದಲ್ಲೇ ನಿಂತುಹೋಗಿದ್ದವು. ಹೆಚ್ಚಿನವು ಪೂರ್ತಿ ಬೆಳೆದಿದ್ದವು. ತುಪ್ಪಳ, ಉಗುರು, ಕೊಕ್ಕು ಎಲ್ಲ ಇತ್ತು. ಒಳಗಿನ ಪೊರೆ ಕಾಗದದಂತೆ ಒಣಗಿ ಮೈಗೆ ಅಂಟಿಕೊಂಡಿತ್ತು. ವೀಣಾ ಒಂದನ್ನು ಬೆರಳ ತುದಿಯಲ್ಲಿ ಬಿಡಿಸಿ ತೋರಿಸಿದರು.

“ಇವು ಹೊರಗೆ ಬರೋಕೆ ಪ್ರಯತ್ನ ಮಾಡಿವೆ. ಪೊರೆ ಬಿಟ್ಟಿಲ್ಲ. ಮೊಟ್ಟೆಯೊಳಗಿನ ನೀರು ಬೇಕಾದ್ದಕ್ಕಿಂತ ಜಾಸ್ತಿ ಆರಿಹೋಗಿದೆ. ಒಂಥರಾ ಬಾಯಾರಿ ಸತ್ತ ಹಾಗೆ.”

ಭವಾನಿಯೇ ಮೊದಲು ಬಾಯಿಬಿಟ್ಟಳು.

“ಜ್ಞಾನೇಶಣ್ಣ, ಅಕ್ಕನ ಟ್ರೇನ ನೀವು ಕೆಳಗಿಟ್ರಿ. ಬಲ್ಬಿನ ಹತ್ರ ಒಣಗಿದೆ, ನೋಡಿ. ನನ್ನದನ್ನ ಅಲ್ಲಿಟ್ಟಿದ್ರೆ ನನ್ನದೂ ಹಿಂಗೇ ಆಗ್ತಿತ್ತು. ಇದನ್ನ ಲೆಕ್ಕಕ್ಕೆ ಹಿಡೀಬಾರ್ದು.”

“ಏನ್ ತಂಗಿ ನೀನು, ನನ್ನ ಹೊಟ್ಟೆ ಮೇಲೆ ಹೊಡೀತೀಯಾ? ಆರು ವರ್ಷದಿಂದ ಕೆಳಗಡೇನೂ ಮರಿ ಎಬ್ಬಿಸಿದ್ದೀನಿ!”

“ಅಕ್ಕನ ಕೈ ನಾನು ನೋಡಿಲ್ವಾ? ನಾನು ಮದುವೆಯಾಗಿ ಬಂದಾಗಿಂದ ನೋಡಿದ್ದೀನಿ. ಅವರದ್ದು ಹಿಂಗಾಗೋಕೆ ಸಾಧ್ಯಾನೇ ಇಲ್ಲ.”

ಸೀತಾ ತಲೆದೂಗಿದಳು. “ಹಂಗಾದ್ರೆ ಪುಷ್ಪಕ್ಕನಿಗೆ ಇನ್ನೊಂದು ಅವಕಾಶ ಕೊಡೋಣ. ಬೇರೆ ಮಷೀನಲ್ಲಿ ಇಡ್ಸೋಣ. ಇದರಲ್ಲಿ ನಾವ್ಯಾರೂ ಇಡೋದು ಬೇಡ.”

ಜ್ಞಾನೇಶನ ಮುಖ ಕಪ್ಪಿಟ್ಟಿತು. ಭದ್ರಾವತಿಯಲ್ಲಿ ಒಂದು ಸಂಘ ಆ ಮಾತಾಡಿದರೆ ಸಾಕು, ಸುತ್ತಲಿನ ಊರುಗಳಿಗೆ ಹಬ್ಬಲು ಒಂದು ವಾರ ಬೇಕಿರಲಿಲ್ಲ. ವೀಣಾ ಒಂದು ಕೆಂಪು ಗುರುತಿನ ಚಿಪ್ಪನ್ನೂ ಒಂದು ನೀಲಿ ಗುರುತಿನದನ್ನೂ ಎರಡು ಕೈಯಲ್ಲಿ ಹಿಡಿದು ಮುರಿದು ನೋಡುತ್ತಿದ್ದರು.

“ತಡೀರಿ. ಒಣಗೋದಕ್ಕೆ ಎರಡು ಕಾರಣ ಇರ್ಬಹುದು. ಒಂದು ಬಲ್ಬಿನ ಬಿಸಿ. ಇನ್ನೊಂದು ತಾಯಿ. ಹ್ಯಾಟೆಗೆ ವಯಸ್ಸಾದ ಹಾಗೆ ಮೊಟ್ಟೆ ದೊಡ್ಡದಾಗುತ್ತೆ, ಆದ್ರೆ ಚಿಪ್ಪು ಅದೇ ಲೆಕ್ಕಕ್ಕೆ ದಪ್ಪ ಆಗಲ್ಲ. ತೆಳುವಾಗುತ್ತೆ. ತೆಳು ಚಿಪ್ಪಿನಿಂದ ನೀರು ಬೇಗ ಆರುತ್ತೆ. ತೀರಾ ಎಳೇದಾದ್ರೆ ಉಲ್ಟಾ. ಮೊಟ್ಟೆ ಸಣ್ಣದು, ಚಿಪ್ಪು ಗಟ್ಟಿ, ಒಳಗೆ ಮರಿಗೆ ಗಾಳಿಯೂ ಸಾಲ್ದು, ಆಹಾರವೂ ಸಾಲ್ದು. ನಡುವಯಸ್ಸಿನ ಹ್ಯಾಟೆ ಮೊಟ್ಟೇನೇ ಎಲ್ಲಕ್ಕಿಂತ ಒಳ್ಳೇದು. ಮರಿ ಹೇಗೆ ಬೆಳೀಬೇಕು ಅನ್ನೋದು ಪೆಟ್ಟಿಗೆಗೆ ಬರೋಕೆ ಮೊದ್ಲೇ ಅರ್ಧ ತೀರ್ಮಾನ ಆಗಿರುತ್ತೆ.”

“ಹಾಗಾದ್ರೆ ಇದು ಬಲ್ಬೋ, ಹ್ಯಾಟೇನೋ?” ಎಂದಳು ಸೀತಾ.

“ಅದನ್ನ ಹೀಗೇ ಹೇಳೋಕಾಗಲ್ಲ. ಎರಡೂ ಟ್ರೇ ಅದಲುಬದಲು ಮಾಡಿ ಇನ್ನೊಂದು ಸಲ ಇಡ್ಬೇಕು. ಇವರದ್ದು ಮೇಲೆ, ಅವರದ್ದು ಕೆಳಗೆ. ಆಗ್ಲೂ ಇವರದ್ದೇ ಸತ್ರೆ ಹ್ಯಾಟೆ. ಇಲ್ದಿದ್ರೆ ಬಲ್ಬು.”

ಪುಷ್ಪಮ್ಮ ಗೋಡೆಗೆ ಒರಗಿ ನಿಂತಿದ್ದಳು. ಸುಮ್ಮನಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ತಪ್ಪು ಜ್ಞಾನೇಶನ ಯಂತ್ರದ್ದೆಂದು ಎಲ್ಲರೂ ಒಪ್ಪುವುದರಲ್ಲಿದ್ದರು. ಭವಾನಿ ಅವಳ ಬಳಿಗೆ ಬಂದು ಕೈ ಹಿಡಿದುಕೊಂಡು, “ಬೇಜಾರು ಮಾಡ್ಕೋಬೇಡಿ ಅಕ್ಕ. ನಾನೇ ಸಂಘಕ್ಕೆ ಹೇಳ್ತೀನಿ. ಈ ಸಲ ನಿಮ್ಮ ಮೊಟ್ಟೆಗೆ ಅನ್ಯಾಯ ಆಯ್ತು ಅಂತ” ಎಂದಳು.

ಆ ಕೈಯನ್ನು ಪುಷ್ಪಮ್ಮ ಕೊಡವಿಕೊಂಡಳು. “ಸೋತಿದ್ದು ಹೇಗೋ ತಡ್ಕೋತಿದ್ದೆ ಮೇಷ್ಟ್ರೇ. ಅವಳು ನನಗೆ ದೊಡ್ಡ ಮನಸ್ಸು ತೋರಿಸೋಕೆ ಬಂದಳಲ್ಲ, ಅದು ತಡೀಲಿಲ್ಲ” ಎಂದು ಆಮೇಲೆ ನನ್ನೊಡನೆ ಹೇಳಿದಳು. ಮರಿ ಹೆಚ್ಚು ಭವಾನಿಗೆ, ಒಳ್ಳೆಯತನವೂ ಭವಾನಿಗೆ. ಎರಡನ್ನೂ ಅವಳೊಬ್ಬಳಿಗೇ ಬಿಟ್ಟುಕೊಡಲು ಪುಷ್ಪಮ್ಮನಿಂದ ಆಗಲಿಲ್ಲ.

“ಇನ್ನೊಂದು ಸಲ ಇಡೋದು ಬೇಡ ಮೇಡಂ” ಎಂದಳು. “ಅದಲುಬದಲು ಮಾಡಿ ಆಗಿದೆ.”

“ಏನು ಆಗಿದೆ?”

“ಟ್ರೇ. ಒಂಬತ್ತನೇ ದಿನ ನಾನೇ ಬಂದು ಬದಲಾಯಿಸಿದೆ. ನನ್ನದು ಮೇಲಿತ್ತು. ಇವಳದ್ದು ಕೆಳಗೆ, ಬಲ್ಬಿನ ಬಾಯಿಗೆ. ನಾಲ್ಕು ದಿನದ ಹಿಂದೆ ಬಂದು ತಿರುಗಾ ಮೊದ್ಲಿನ ಹಂಗೆ ಇಟ್ಟೆ. ಹ್ಯಾಟೇನೇ ಮೇಡಂ. ಬಲ್ಬಲ್ಲ” ಎಂದಳು.

ಜ್ಞಾನೇಶ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡ.

“ಅದಕ್ಕೇನಾ ಅಕ್ಕ ನೀವು ಎರಡು ಸಲಾನೂ ನನ್ನ ಊಟಕ್ಕೆ ಅಟ್ಟಿದ್ದು! ನಿಧಾನಕ್ಕೆ ಉಣ್ಣಪ್ಪ ಅಂದ್ರಿ. ನಮ್ಮಮ್ಮನೂ ಹಂಗೆ ಹೇಳಲ್ಲ ಅಂತ ನನ್ನ ಹೆಂಡ್ತಿ ಹತ್ರ ಹೊಗಳ್ಕೊಂಡಿದ್ದೆ ಮಾರಾಯ್ತಿ!”

ವೀಣಾ ಮುಖ ತಿರುಗಿಸಿಕೊಂಡು ನಕ್ಕರು. ಭವಾನಿ ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿತು.

“ನನ್ನದನ್ನ ಬಲ್ಬಿಗೆ ಕೊಟ್ರಾ ಅಕ್ಕ?”

“ಕೊಟ್ಟೆ. ಆದ್ರೂ ಎದ್ವಲ್ಲ ನಿನ್ನವು. ಇನ್ನೇನು ಬೇಕು ನಿಂಗೆ?” ಎಂದಳು ಪುಷ್ಪಮ್ಮ. ಕ್ಷಮೆ ಕೇಳುವುದನ್ನು ಅವಳು ಯಾರಿಂದಲೂ ಕಲಿತಿರಲಿಲ್ಲ. ನಾನಂತೂ ಕಲಿಸಿರಲಿಲ್ಲ.

ಸಂಘಕ್ಕೆ ಭವಾನಿಯ ಮರಿಗಳೆಂದು ಅಲ್ಲೇ ತೀರ್ಮಾನವಾಯಿತು. ಮನೆಗೆ ಬಂದಾಗ ಹಾಲಮ್ಮನವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಪುಷ್ಪಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಟ್ರೇ ಬದಲಾಯಿಸಿದ್ದನ್ನೂ ಬಿಡಲಿಲ್ಲ.

“ನಾನು ಮೊದ್ಲು ಆರಿಸ್ಕೋ ಅಂದಿದ್ದೆ. ದಪ್ಪದ್ದೇ ಆರಿಸ್ಕೋ ಅಂದಿರ್ಲಿಲ್ಲ” ಎಂದರು ಹಾಲಮ್ಮನವರು.

“ಗೊತ್ತಿತ್ತಾ ಅತ್ತೆ ನಿಮಗೆ?”

“ಮುದಿ ಹ್ಯಾಟೇನ ನಾನು ಎರಡು ವರ್ಷಕ್ಕಿಂತ ಹೆಚ್ಚು ಇಟ್ಕೊಂಡಿದ್ದು ನೋಡಿದ್ದೀಯಾ? ಯಾಕೆ ಅಂತ ಒಂದಿನನಾದ್ರೂ ಕೇಳಿದ್ದೀಯಾ? ಕೈಗುಣ ಕೈಗುಣ ಅಂತ ಕುಣೀತಿದ್ದೆ. ನೀನು ಮೊಟ್ಟೆ ಇಡ್ತಿದ್ದೆ ಮಾರಾಯ್ತಿ, ಹ್ಯಾಟೆ ಆರಿಸ್ತಿದ್ದೋಳು ನಾನು.”

ಸೋತದ್ದಕ್ಕಿಂತ ಈ ಮಾತು ಅವಳಿಗೆ ಹೆಚ್ಚು ತಾಗಿತು. ಇಷ್ಟು ವರ್ಷ ಬೀದಿಯವರು ತನ್ನ ಕೈಯದೆಂದು ಕೊಂಡಾಡಿದ್ದು ಅತ್ತೆಯ ಕಣ್ಣಿನದಾಗಿತ್ತು. ಈಗ ಹೊಟ್ಟೆಕಿಚ್ಚು ಪಡುವುದಾದರೆ ಭವಾನಿಯ ಮೇಲೆ ಪಡುವುದೋ, ಎಂಬತ್ತು ವರ್ಷದ ಅತ್ತೆಯ ಮೇಲೆ ಪಡುವುದೋ ಅವಳಿಗೆ ತಿಳಿಯಲಿಲ್ಲ. ಎರಡು ದಿನ ಇಬ್ಬರ ಮೇಲೂ ಪಟ್ಟಳು.

ಮೂರನೆಯ ದಿನ ತಾನಾಗಿ ಭವಾನಿಗೆ ಫೋನು ಮಾಡಿದಳು. ನಾನು ಅವರ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದೆ.

“ಏಯ್ ಭವಾನಿ, ತುಂಬಾ ಉಬ್ಬಬೇಡ. ನಿನ್ನ ಹ್ಯಾಟೆಗಳಿಗೂ ಇದೊಂದು ವರ್ಷ, ಅಷ್ಟೇ. ಆಮೇಲೆ ನಿನ್ನ ಮೊಟ್ಟೆನೂ ತೆಂಗಿನಕಾಯೇ. ಕೇಳಿಸ್ತಾ? ಈಗ ಎದ್ದ ಮರಿ ಎಲ್ಲಾನೂ ಸಂಘಕ್ಕೆ ಕೊಟ್ಟು ಕೈ ತೊಳ್ಕೋಬೇಡ. ಆರಾದ್ರೂ ಇಟ್ಕೋ, ಮುಂದಕ್ಕೆ ಬೇಕಾಗ್ತವೆ.”

ಆ ಕಡೆಯಿಂದ ಭವಾನಿಯ ದನಿ ನನಗೂ ಕೇಳಿಸಿತು. “ಅಕ್ಕ, ಅವನ್ನ ಇ‌ಟ್ಕೊಳ್ತೀನಿ. ನಿಮ್ಮ ಇಪ್ಪತ್ತೆರಡರಲ್ಲಿ ಬೆಳೆದ ಮೇಲೆ ಮೂರು ಹೆಣ್ಣು ನನಗೆ ಕೊಡಿ. ನನ್ನವು ಮೂರು ನೀವು ತಗೊಳ್ಳಿ. ಮನೆ ಹುಂಜಕ್ಕೆ ಅದರ ಮಕ್ಕಳೇ ಜೋಡಿ ಆಗೋದು ತಪ್ಪುತ್ತೆ.”

“ನೋಡೋಣ” ಎಂದಳು ಪುಷ್ಪಮ್ಮ. ಫೋನು ಇಟ್ಟು ನನ್ನ ಕಡೆ ತಿರುಗಿ, “ಅದೂ ಅವಳಿಗೇ ಹೊಳೀಬೇಕಿತ್ತಾ ಮೇಷ್ಟ್ರೇ?” ಎಂದಳು.

ಆ ವಾರ ನಲವತ್ತು ಮರಿಗಳು ಜನ್ನಾಪುರಕ್ಕೆ ಬಂದವು. ಮನೆಗೆ ಎರಡು. ಪುಷ್ಪಮ್ಮ ಅಂದು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇದ್ದಳು. ಸಂಜೆ ನಾಲ್ಕರ ಹೊತ್ತಿಗೆ ಸೀತಾ ಓಡಿಬಂದಳು.

“ಪುಷ್ಪಕ್ಕ, ಮರಿಗಳು ಏನೂ ತಿಂತಿಲ್ಲ ಕಣ್ರೀ. ಮುಂದೆ ಕಾಳು ಹಾಕಿದ್ರೂ ಸುಮ್ನೆ ನಿಂತಿವೆ. ಒಂದು ಆಗ್ಲೇ ತೂಕಡಿಸ್ತಿದೆ.”

ಟರ್ಕಿ ಮರಿ ನಾಟಿ ಕೋಳಿಯ ಮರಿಯಂತಲ್ಲ. ಕಾಳಿನ ರಾಶಿಯ ಮೇಲೆ ನಿಲ್ಲಿಸಿದರೂ ತಿನ್ನಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಯಾರಾದರೂ ಕಲಿಸಬೇಕು. ಪುಷ್ಪಮ್ಮ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಳು.

“ಭವಾನೀನೇ ಕೇಳಿ. ಮರಿ ಅವಳದ್ದು” ಎಂದಳು.

“ಅವಳು ನಿಮ್ಮನ್ನೇ ಕೇಳಿ ಅಂದ್ಲು.”

ಪುಷ್ಪಮ್ಮ ಒಳಗೆ ಹೋಗಿ ಎರಡು ಮೊಟ್ಟೆ ಬೇಯಿಸಿ, ಸಣ್ಣಗೆ ಹೆಚ್ಚಿ, ಈರುಳ್ಳಿಯ ಹಸಿರು ಎಲೆಗಳನ್ನು ಚೂರು ಮಾಡಿ ಬೆರೆಸಿಕೊಂಡು ಹೊರಟಳು. ಮೊದಲನೆಯ ಮನೆಯಲ್ಲಿ ನೆಲದ ಮೇಲೆ ಪತ್ರಿಕೆಯ ಹಾಳೆ ಹಾಸಿ, ಮುಂದೆ ಕುಳಿತು, ಬೆರಳಿನ ಉಗುರಿನಿಂದ ಟಕ್ ಟಕ್ ಎಂದು ಕುಟ್ಟಿದಳು. ತಾಯಿ ಹೇಂಟೆ ಕೊಕ್ಕಿನಿಂದ ನೆಲ ಕುಟುಕಿದಂತೆಯೇ ಇತ್ತು. ಎರಡು ಮರಿಗಳೂ ತಲೆ ಓರೆ ಮಾಡಿ ನೋಡಿದವು. ಬೀದಿಯ ಹೆಂಗಸರು ಬಾಗಿಲಲ್ಲಿ ಗುಂಪುಗೂಡಿದರು.

“ನೋಡ್ರೇ, ಶಿವಮೊಗ್ಗದ ಮರಿ!” ಎಂದಳು ಪುಷ್ಪಮ್ಮ, ತಲೆಯೆತ್ತದೆ. “ಫೋಟೋಕ್ಕೆ ನಿಲ್ಲೋದು ಕಲ್ಸಿದ್ದಾಳೆ. ಉಣ್ಣೋದು ಕಲ್ಸಿಲ್ಲ.”

ಎಲ್ಲರೂ ನಕ್ಕರು. ಒಂದು ಮರಿ ಉಗುರನ್ನೇ ಕುಟುಕಿತು. ಅವಳು “ಥೂ, ಅದಲ್ಲ, ಪಕ್ಕದ್ದು” ಎಂದು ಗದರಿಸಿ ಮತ್ತೆ ಕುಟ್ಟಿದಳು. ಎರಡನೆಯದು ಹಸಿರು ಚೂರೊಂದನ್ನು ಎತ್ತಿಕೊಂಡಿತು. ಇನ್ನೂ ಹತ್ತೊಂಬತ್ತು ಮನೆಗಳಿದ್ದವು. ಸೀತಾ ಬಟ್ಟಲನ್ನು ಹಿಡಿದು ಎದ್ದು ನಿಂತಳು. ಮೊದಲನೆಯ ಮರಿ ಇನ್ನೂ ಏನೂ ತಿಂದಿರಲಿಲ್ಲ. ಅದು ತಿನ್ನುವವರೆಗೂ ಪುಷ್ಪಮ್ಮ ಅಲ್ಲಿಂದ ಏಳಲಿಲ್ಲ.